ಶಿಫ್ಟ್ ಮಲಗೇತಿ

ಹಳಿಯಾಳದ ಶಾಲೆಯೊಂದರಲ್ಲಿ ಭಾಷೆ ಕಲಿಸುತ್ತಿದ್ದ ವರ್ಷಗಳಲ್ಲಿ, ಎಂಟನೆಯ ತರಗತಿಗೆ ಒಂದು ಪಾಠವನ್ನು ನಾನು ಪುಸ್ತಕದ ಆಚೆಯಿಂದ ಮಾಡುತ್ತಿದ್ದೆ. ಕಪ್ಪುಹಲಗೆಯ ನಡುವೆ ‘ಶಿಫ್ಟ್’ ಎಂಬ ಒಂದೇ ಪದವನ್ನು ಬರೆದು, ಅದನ್ನು ತಮ್ಮ ಮನೆಯಲ್ಲಿ ಯಾರು, ಯಾವಾಗ, ಯಾವ ಅರ್ಥದಲ್ಲಿ ಆಡುತ್ತಾರೆಂದು ಹೇಳುವಂತೆ ಮಕ್ಕಳನ್ನು ಕೇಳುತ್ತಿದ್ದೆ. ಒಬ್ಬನ ಅಪ್ಪನಿಗೆ ಅದು ಕಾರ್ಖಾನೆಯ ಪಾಳಿ. ಇನ್ನೊಬ್ಬಳ ಮನೆಯಲ್ಲಿ ಹಳೆಯ ಬಾಡಿಗೆ ಮನೆಯಿಂದ ಹೊಸದಕ್ಕೆ ಸಾಮಾನು ಸಾಗಿಸುವುದು. ಮತ್ತೊಬ್ಬನಿಗೆ ಕಂಪ್ಯೂಟರಿನ ಮೇಲಿನ ಕೀಲಿ. ಅಜ್ಜನನ್ನು ಹುಬ್ಬಳ್ಳಿಯ ದವಾಖಾನೆಗೆ ‘ಶಿಫ್ಟ್ ಮಾಡಿದರು’ ಎಂದು ಹೇಳುವಾಗ ಒಬ್ಬ ಹುಡುಗಿಯ ದನಿ ತಗ್ಗಿದ್ದೂ ಉಂಟು. ನಾನು ಅವೆಲ್ಲವನ್ನೂ ನಾಮಪದದ ಸಾಲಿನಲ್ಲಿ, ಕ್ರಿಯಾಪದದ ಸಾಲಿನಲ್ಲಿ ಬೇರೆಬೇರೆಯಾಗಿ ಕೂರಿಸಿ, ಇಂಗ್ಲಿಷಿನಲ್ಲಿ ಉಡುಪು ಬದಲಿಸದೆಯೇ ಎರಡೂ ಕೆಲಸ ಮಾಡುವ ಈ ಪದ ಕನ್ನಡಕ್ಕೆ ಬಂದೊಡನೆ ‘ಮಾಡು’, ‘ಆಗು’, ‘ಇರು’ ಎಂಬ ನಮ್ಮ ಕ್ರಿಯಾಪದಗಳ ಕೈ ಹಿಡಿದೇ ನಡೆಯಬೇಕೆಂಬುದನ್ನು ತೋರಿಸುತ್ತಿದ್ದೆ. ಹಲಗೆ ತುಂಬಿದ ಮೇಲೆ ಮುಂದಿನ ಬೆಂಚಿನ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು.

“ನಿಮ್ಮ ಮನ್ಯಾಗ ಶಿಫ್ಟ್ ಅಂದ್ರ ಏನ್ರಿ ಟೀಚರ್?”

“ನಮ್ಮ ಮನೆಯಲ್ಲಿ ಅದು ಮಲಗುತ್ತಿತ್ತು” ಎಂದು ನಾನು ಉತ್ತರಿಸುತ್ತಿದ್ದೆ. ತರಗತಿ ನಗುತ್ತಿತ್ತು, ಗಂಟೆ ಹೊಡೆಯುತ್ತಿತ್ತು. ವಿವರಿಸಲು ಒಂದು ಪೀರಿಯಡ್ ಸಾಲದೆಂದು ನಾನೂ ಅಲ್ಲಿಗೇ ಬಿಡುತ್ತಿದ್ದೆ. ಈಗ ಸೀಮೆಸುಣ್ಣವನ್ನು ಕೆಳಗಿಟ್ಟಿದ್ದೇನೆ, ಗಂಟೆಯ ಕಾಟವಿಲ್ಲ. ಆದುದರಿಂದ ಆ ಉತ್ತರವನ್ನು ಇಲ್ಲಿ ಪೂರ್ತಿಗೊಳಿಸುತ್ತೇನೆ.

ನಾನು ಬೆಳೆದದ್ದು ದಾಂಡೇಲಿಯಲ್ಲಿ, ಒಂದೇ ಹೆಂಚಿನ ಮಾಡನ್ನು ಹಂಚಿಕೊಂಡಿದ್ದ ಬಾಡಿಗೆ ಮನೆಗಳ ಸಾಲಿನಲ್ಲಿ. ನಡುಗೋಡೆಗಳು ಮಾಡಿನವರೆಗೆ ಮುಟ್ಟುತ್ತಿರಲಿಲ್ಲ. ಮೇಲೆ ಉಳಿದ ಸಂದಿನಿಂದ ಒಬ್ಬರ ಒಗ್ಗರಣೆ, ಇನ್ನೊಬ್ಬರ ಕೆಮ್ಮು, ಮತ್ತೊಬ್ಬರ ರೇಡಿಯೊ ಸಾಲಿನುದ್ದಕ್ಕೂ ಸಂಚರಿಸುತ್ತಿದ್ದವು. ನಮ್ಮಪ್ಪ ಧಾರವಾಡದ ಕಡೆಯ ಹಳ್ಳಿಯಿಂದ ಕಾಗದದ ಮಿಲ್ಲಿಗೆ ಕೆಲಸಕ್ಕೆ ಬಂದವರು. ಹಿಟ್ಟಿನಂಥ ಹಸಿ ಕಾಗದ ಬಿಸಿ ರೋಲರುಗಳ ಮೇಲೆ ಹಾಯ್ದು ಒಣಗುವ ಯಂತ್ರದ ಬಳಿ ಅವರ ಕೆಲಸ. ಅಲ್ಲಿ ನಿಂತವನ ಕಣ್ಣು ಒಂದು ಗಳಿಗೆಯೂ ಮುಚ್ಚಕೂಡದೆಂದು ಅವರು ಹೇಳುತ್ತಿದ್ದರು. ಒಂದು ವಾರ ಫಸ್ಟ್, ಒಂದು ವಾರ ಸೆಕೆಂಡ್, ಮರುವಾರ ನೈಟ್. ಹೀಗೆ ಅವರ ಪಾಳಿ ಸುತ್ತುತ್ತಿತ್ತು. ಮಿಲ್ಲಿನ ಭೊಂಗಾ ಕೂಗಿದಾಗ ಊರಿನ ಉಳಿದವರು ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಹಂಚು ಒಲೆಯ ಮೇಲೇರುತ್ತಿತ್ತು ಇಲ್ಲವೆ ಇಳಿಯುತ್ತಿತ್ತು. ನೈಟ್ ವಾರದಲ್ಲಿ ಅಪ್ಪನ ಮಧ್ಯಾಹ್ನದ ಊಟ ಸಂಜೆಗೆ ಸರಿಯುತ್ತಿತ್ತು. ನಾವು ಶಾಲೆಯಿಂದ ಬಂದು ಚುರುಮುರಿ ಕೈಗೆತ್ತಿಕೊಳ್ಳುವ ಹೊತ್ತಿಗೆ ಅವರು ಹಲ್ಲುಜ್ಜಿ, ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಮುಂದೆ ಕುಳಿತು ನಮಗೆ ‘ಬೆಳಗಿನ’ ಸಮಾಚಾರ ಕೇಳುತ್ತಿದ್ದರು. ದಿನವೆಂಬುದು ಎಲ್ಲಿಂದ ಬೇಕಾದರೂ ಆರಂಭವಾಗಬಹುದೆಂಬುದು ನನಗೆ ಪಂಚಾಂಗಕ್ಕಿಂತ ಮೊದಲು ಆ ತಟ್ಟೆಯ ಮುಂದೆ ತಿಳಿಯಿತು.

ಅಪ್ಪನ ಮಂಚ ನಡುಕೋಣೆಯಲ್ಲಿತ್ತು. ಅದರ ಮೇಲಿನ ಕಿಟಕಿಗೆ ಕಂದು ಬಣ್ಣದ ದಪ್ಪ ಕಾಗದವನ್ನು ಮೈದಾಹಿಟ್ಟಿನ ಅಂಟಿನಿಂದ ಮೆತ್ತಲಾಗಿತ್ತು. ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ಒಳಗೆ ಬೆಲ್ಲದ ಬಣ್ಣದ ಮಬ್ಬು. ಆ ಮಬ್ಬಿನ ಒಡತಿ ಅಪ್ಪನ ತಾಯಿ, ನಮ್ಮ ಗಂಗವ್ವಜ್ಜಿ. ನೈಟ್ ಮುಗಿಸಿ ಬಂದ ಮಗ ಉಂಡು ಮಲಗಿದೊಡನೆ ಅಜ್ಜಿ ಕೆಂಪು ಟವೆಲೊಂದನ್ನು ನಾಲ್ಕು ಮಡಿಕೆ ಮಾಡಿ, ಮುಂಬಾಗಿಲ ಚೌಕಟ್ಟಿನ ಮೊಳೆಗೆ ತೂಗಹಾಕುತ್ತಿದ್ದಳು. ಇದು ಅವಳೊಬ್ಬಳದೇ ಪದ್ಧತಿಯಲ್ಲ. ನೈಟ್‌ನವರಿದ್ದ ಮನೆಗಳೆಲ್ಲ ಹೀಗೆಯೇ ಬಾಗಿಲಿಗೆ ಟವೆಲ್ ಹಾಕುತ್ತಿದ್ದವು. ಟವೆಲ್ ಇದ್ದ ಬಾಗಿಲ ಮುಂದೆ ಹುಡುಗರು ಗೋಲಿ ಆಡುವಂತಿಲ್ಲ, ಕೊಡ ಕುಕ್ಕುವಂತಿಲ್ಲ, ಪಕ್ಕದ ಮನೆಯಲ್ಲಿ ಖಾರ ಕುಟ್ಟುವಂತಿಲ್ಲ. ಬಳೆಗಾರ, ಪಾತ್ರೆಗೆ ಕಲಾಯಿ ಹಾಕುವವ, ಜೋಯಿಡಾ ಕಡೆಯಿಂದ ಗೆಡ್ಡೆಗೆಣಸಿನ ಬುಟ್ಟಿ ಹೊತ್ತು ಬರುತ್ತಿದ್ದ ಕೊಂಕಣಿ ಮಾತಿನ ಹೆಂಗಸು, ಎಲ್ಲರಿಗೂ ಈ ಕಾನೂನು ಗೊತ್ತಿತ್ತು. ಆ ಹೆಂಗಸು ಸಾಲಿನ ತುದಿಯಲ್ಲಿ ಗಂಟಲು ಬಿಚ್ಚಿ ಕೂಗುತ್ತ ಬಂದವಳು, ನಮ್ಮ ಟವೆಲ್ ಕಂಡೊಡನೆ ಬಾಯಿ ಮುಚ್ಚಿ, ಬುಟ್ಟಿಯಿಂದ ಒಂದು ಗೆಡ್ಡೆಯನ್ನೆತ್ತಿ ಮೌನವಾಗಿ ಅಜ್ಜಿಗೆ ತೋರಿಸುತ್ತಿದ್ದಳು. ಅಜ್ಜಿ ಬೆರಳಿನಲ್ಲಿ ಚೌಕಾಸಿ ಮಾಡುತ್ತಿದ್ದಳು. ಟವೆಲಿನ ಅರ್ಥ ತಿಳಿಯದ ಹೊಸಬರು ಬಂದರೆ ಅಜ್ಜಿ ಹೊಸ್ತಿಲಲ್ಲಿ ನಿಂತು, ತುಟಿಯ ಮೇಲೆ ಬೆರಳಿಟ್ಟು ಹೇಳುತ್ತಿದ್ದ ಮಾತು ಒಂದೇ.

“ಶಿಫ್ಟ್ ಮಲಗೇತಿ. ದನಿ ತಗ್ಗಸ್ರಿ.”

ಮಗ ಮಲಗಿದ್ದಾನೆಂದಲ್ಲ, ಶಿಫ್ಟ್ ಮಲಗಿದೆಯೆಂದು. ಅವಳಿಗೆ ಆ ಪದ ಪಾಳಿಯ ಹೆಸರು, ದುಡಿಮೆಯ ಹೆಸರು, ದುಡಿದು ದಣಿದ ಮನುಷ್ಯನ ಹೆಸರು. ಓದು ಬಾರದ ಅಜ್ಜಿ ತನಗೆ ಗೊತ್ತಿದ್ದ ಕೆಲವೇ ಇಂಗ್ಲಿಷ್ ಪದಗಳಲ್ಲಿ ಇದೊಂದನ್ನು ದೇವರ ಪಟದ ಸಾಲಿನಲ್ಲಿಟ್ಟಿದ್ದಳು. ಅದನ್ನು ಆಡುವಾಗ ಸೆರಗನ್ನು ಸರಿಪಡಿಸಿಕೊಳ್ಳುತ್ತಿದ್ದಳು.

ನೈಟ್ ವಾರದ ಮನೆಯಲ್ಲಿ ನಾವು ಮಾತನಾಡಲು ಕಲಿತೆವು ಎಂದರೆ ವಿಚಿತ್ರವೆನಿಸಬಹುದು, ಆದರೆ ಅದು ನಿಜ. ಪಿಸುದನಿಯಲ್ಲಿ ಒಂದು ಮಾತನ್ನು ಎರಡನೆಯ ಸಲ ಹೇಳಬೇಕಾಗಿ ಬಂದರೆ ದನಿ ತಾನಾಗಿಯೇ ಏರುತ್ತದೆ. ಆದುದರಿಂದ ಮೊದಲನೆಯ ಸಲವೇ ಪೂರ್ತಿಯಾಗಿ ಹೇಳಬೇಕೆಂಬುದು ಅಜ್ಜಿಯ ಕಟ್ಟಪ್ಪಣೆ. ನಾನು ಶಾಲೆಯಿಂದ ಓಡಿಬಂದು, “ಅಜ್ಜಿ, ಬೀಳ್ತು, ಅಲ್ಲಿ, ಆಕಿ...” ಎಂದು ಶುರುಮಾಡಿದರೆ ಅವಳು ನನ್ನ ಗಲ್ಲ ಹಿಡಿದು ನಿಲ್ಲಿಸುತ್ತಿದ್ದಳು.

“ಅರ್ಧರ್ಧ ಮಾತ ಆಡಬ್ಯಾಡ. ಯಾರ ಬಿದ್ರು, ಎಲ್ಲಿ ಬಿದ್ರು, ಎದ್ರೋ ಇಲ್ಲೋ, ಎಲ್ಲಾ ಮೊದಲ ಹೊಟ್ಟ್ಯಾಗ ಜೋಡ್ಸಿಕೋ. ಆಮ್ಯಾಗ ಬಾಯಿ ತಗಿ.”

ಕರ್ತೃ, ಕರ್ಮ, ಕ್ರಿಯೆಗಳನ್ನು ಪುಸ್ತಕದಲ್ಲಿ ಕಾಣುವ ಮೊದಲೇ ನಾನು ಅವುಗಳನ್ನು ಹೊಟ್ಟೆಯಲ್ಲಿ ಜೋಡಿಸಿಕೊಳ್ಳಲು ಕಲಿತದ್ದು ಹೀಗೆ. ಮುಂದೆ ನನ್ನ ವಿದ್ಯಾರ್ಥಿಗಳು ಅರೆವಾಕ್ಯ ಬರೆದಾಗಲೆಲ್ಲ ಕೆಂಪು ಶಾಯಿಯಲ್ಲಿ ಅವರನ್ನು ಹಿಡಿದು ನಿಲ್ಲಿಸಿದ ಕೈ ಅಜ್ಜಿಯದೇ. ಅಜ್ಜಿ ಮತ್ತು ಅವ್ವನ ಜಗಳಗಳೂ ಆ ವಾರದಲ್ಲಿ ಪಿಸುದನಿಯಲ್ಲಿಯೇ ನಡೆಯುತ್ತಿದ್ದವು. ಮಜ್ಜಿಗೆಗೆ ಉಪ್ಪು ಹೆಚ್ಚಾದದ್ದು, ಕಟ್ಟಿಗೆ ಹಸಿಯಿದ್ದದ್ದು, ಇಂಥವೇ ವಿಷಯಗಳು. ಅಡುಗೆಮನೆಯ ಎರಡು ಮೂಲೆಗಳಲ್ಲಿ ಕುಳಿತು ಇಬ್ಬರೂ ಬರಿಯ ಉಸಿರಿನಲ್ಲಿ ಒಬ್ಬರನ್ನೊಬ್ಬರು ಖಂಡಿಸುತ್ತಿದ್ದರು. ಕೋಪವನ್ನು ಅಷ್ಟು ತಗ್ಗಿದ ದನಿಯಲ್ಲಿ ಆಡಬೇಕಾದಾಗ ಬೈಗುಳಕ್ಕೆ ಬೇಕಾದ ವೇಗ ಬರುವುದಿಲ್ಲ; ಹುಡುಕಿ ಆಯ್ದ ಮಾತೇ ಬೇಕಾಗುತ್ತದೆ. ಮಾತು ಆಯುತ್ತ ಆಯುತ್ತ ಇಬ್ಬರಲ್ಲೊಬ್ಬರಿಗೆ ನಗು ಬಂದುಬಿಡುತ್ತಿತ್ತು. ಹೆಚ್ಚಾಗಿ ನಗುತ್ತಿದ್ದವಳು ಅವ್ವ.

ಅವ್ವನ ಹೆಸರು ಶಾಂತಾ. ಹೈಸ್ಕೂಲು ಮುಗಿಸಿ ಬಂದವಳು. ಸಾಲಿನ ಮನೆಗಳಿಗೆ ಬರುವ ಪತ್ರಗಳನ್ನು ಓದಿ ಹೇಳುವವಳು. ಮೂಗಿನ ಮೇಲೆ ಹಿಟ್ಟು ಅಂಟಿದ್ದರೂ ಲೆಕ್ಕಿಸದೆ ರೊಟ್ಟಿಯ ನಡುವೆ ನನ್ನ ಮಗ್ಗಿ ಕೇಳುವವಳು. ಒಮ್ಮೆ ನನ್ನ ತಮ್ಮ ಜ್ವರದಿಂದ ಊರಿನ ದವಾಖಾನೆಯಲ್ಲಿ ಮಲಗಿದ್ದಾಗ, ಪಕ್ಕದ ಹಾಸಿಗೆಯ ಮುದುಕಿಯನ್ನೂ ಅವಳೇ ಎತ್ತಿ ಕೂರಿಸಿ, ಗಂಜಿ ಕುಡಿಸಿ, ಸೀರೆ ಬದಲಿಸಿದ್ದನ್ನು ಅಲ್ಲಿನ ದೊಡ್ಡ ಸಿಸ್ಟರ್ ನೋಡಿದ್ದರು. ಹೆಂಗಸರ ವಾರ್ಡಿಗೆ ಆಯಾ ಬೇಕಾಗಿದ್ದಾಳೆ, ಬರುತ್ತೀಯಾ ಎಂದು ಅವರು ಕೇಳಿದರು. ಅವ್ವ ಮನೆಗೆ ಬಂದು, ಅಪ್ಪ ಉಣ್ಣುತ್ತಿದ್ದಾಗ, ನೀರಿನ ತಂಬಿಗೆಯನ್ನು ಕೆಳಗಿಡುತ್ತ ಆ ಸುದ್ದಿ ಹೇಳಿದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಮೊದಲು ಕಂಡಿರಲಿಲ್ಲ. ಅಪ್ಪ ತುತ್ತನ್ನು ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ.

“ಶಿಫ್ಟ್ ಇರ್ತಾವೇನು?”

“ಇರ್ತಾವ್ರಿ. ನೈಟೂ ಇರ್ತದ.”

“ಹಂಗಾರ ನಿನ್ನ ನಿದ್ದಿದು ಮೊದಲ ವಿಚಾರ ಮಾಡಬೇಕು,” ಎಂದರು ಅಪ್ಪ. “ಕೆಲಸ ಮಾಡಬಹುದು. ನಿದ್ದಿ ಮಾಡೂದು ಭಾಳ ಬಿರಿ.”

ಬಿರಿ, ಎಂದರೆ ಕಷ್ಟ. ಅದು ಎಷ್ಟು ಕಷ್ಟವೆಂಬುದು ಮೊದಲ ನೈಟ್ ವಾರದಲ್ಲಿಯೇ ತಿಳಿಯಿತು. ಅಜ್ಜಿ ಕೆಲಸಕ್ಕೆ ಅಡ್ಡಿ ಮಾಡಲಿಲ್ಲ. ರೋಗಿಗಳ ಸೇವೆಯೆಂದರೆ ಪುಣ್ಯದ ಕೆಲಸವೆಂದು ಅವಳೇ ನೆರೆಹೊರೆಗೆ ಹೇಳಿದಳು. ಆದರೆ ಹಗಲಿನ ನಿದ್ರೆಯ ವಿಷಯದಲ್ಲಿ ಅವಳ ನಂಬಿಕೆ ಬೇರೆ.

“ಗಣಮಕ್ಕಳದು ಬ್ಯಾರೆ. ಹೊತ್ತ ಏರಿದ ಮ್ಯಾಲ ಮನಿ ಹೆಣಮಗಳು ಹಾಸಗಿ ಮ್ಯಾಲ ಇದ್ರ ಲಕ್ಷ್ಮಿ ಹೊಸ್ತಲದಾಗ ನಿಂತು ನೋಡಿ, ಹಂಗ ತಿರಗಿ ಹೋಗ್ತಾಳ. ಆಕಿ ಬೇಕಾರ ಅಡಗಿಮನ್ಯಾಗ ಗ್ವಾಡಿಗೆ ಒರಗಿ ಚೂರು ಕಣ್ಣು ಮುಚ್ಚಲಿ.”

ಅವ್ವನಿಗೆ ಮಂಚವಿರಲಿಲ್ಲ, ಬಾಗಿಲಿಗೆ ಟವೆಲಿರಲಿಲ್ಲ. ರಾತ್ರಿಯಿಡೀ ವಾರ್ಡಿನಲ್ಲಿ ನಡೆದು ಬಂದವಳು ಮನೆಗೆ ಬಂದು ಕಸ ಗುಡಿಸಿ, ಅಡುಗೆ ಮಾಡಿ, ನಮ್ಮನ್ನು ಶಾಲೆಗೆ ಕಳಿಸಿ, ಒಲೆಯ ಪಕ್ಕದ ಗೋಡೆಗೆ ಒರಗುತ್ತಿದ್ದಳು. ಬಾಗಿಲಿಗೆ ಗುರುತಿಲ್ಲದ ಮೇಲೆ ಸಾಲಿನವರಿಗೆ ತಿಳಿಯುವುದು ಹೇಗೆ? ಒಬ್ಬರು ಹೆಪ್ಪಿಗೆ ಮಜ್ಜಿಗೆ ಕೇಳಲು ಬರುತ್ತಿದ್ದರು, ಇನ್ನೊಬ್ಬರು ಮಗನ ಪತ್ರ ಓದಿಸಲು. ಗೆಡ್ಡೆಯ ಹೆಂಗಸು ಧೈರ್ಯವಾಗಿ ಕೂಗುತ್ತಿದ್ದಳು. ಅವ್ವ ಪ್ರತಿಯೊಬ್ಬರಿಗೂ ಎದ್ದು ಉತ್ತರ ಕೊಡುತ್ತಿದ್ದಳು. ಒಂದು ದಿನ ಮಧ್ಯಾಹ್ನದ ಬಿಡುವಿಗೆ ಮನೆಗೆ ಬಂದ ನಾನು, ರೊಟ್ಟಿ ಬಡಿಯುತ್ತಲೇ ನಿದ್ರೆಹೋಗಿದ್ದ ಅವ್ವನನ್ನು ಕಂಡೆ. ಬೆನ್ನು ನೆಟ್ಟಗಿತ್ತು. ಕೈ ಹಿಟ್ಟಿನ ಮೇಲೆ ಇದ್ದ ಹಾಗೆಯೇ ಇತ್ತು. ರೊಟ್ಟಿಯ ಮೇಲೆ ಐದು ಬೆರಳೂ ಮೂಡಿದ್ದವು. ಹಂಚು ಕಾದು ಹೊಗೆಯಾಡುತ್ತಿತ್ತು. ನಾನು ಹಂಚನ್ನು ಇಳಿಸಿದೆ. ಅವಳನ್ನು ಎಬ್ಬಿಸಲು ಮನಸ್ಸಾಗದೆ ಎದುರಿಗೆ ಕುಳಿತೆ.

ಆ ಸಂಜೆ ಅವ್ವ ಅಪ್ಪನಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ವಾರ್ಡಿನಲ್ಲಿ ಅವಳು ತೂಕಡಿಸಿದ್ದನ್ನು ದೊಡ್ಡ ಸಿಸ್ಟರ್ ನೋಡಿದ್ದರು. ಬೈದಿರಲಿಲ್ಲ; ದೀಪಾವಳಿಯವರೆಗೆ ನೋಡುತ್ತೇವೆ, ಮನೆಯಲ್ಲಿ ನಿದ್ರೆಗೆ ಅನುಕೂಲವಿಲ್ಲದಿದ್ದರೆ ಈ ಕೆಲಸ ನಿನಗೆ ಬೇಡ, ರೋಗಿಗಳಿಗೂ ಒಳ್ಳೆಯದಲ್ಲ, ಎಂದಿದ್ದರು.

“ನಾಳಿಂದ ನಾನ ಟವೆಲ್ ಹಾಕಿ ಹೋಗ್ತೇನಿ,” ಎಂದರು ಅಪ್ಪ.

“ಬ್ಯಾಡ್ರಿ. ಅದು ಅತ್ತಿಯವರ ಮೊಳಿ. ನೀವು ಹಾಕಿ ಹ್ವಾದ್ರ ನೀವು ಓಣಿ ದಾಟೂದ್ರಾಗ ಅವರು ತಗೀತಾರ. ಆಮ್ಯಾಗ ಮಾತ ಬೆಳಿತದ.”

“ಮತ್ತ ಕೆಲಸ ಬಿಡ್ತಿಯೇನು?”

“ಬಿಡೂದಿಲ್ರಿ,” ಎಂದಳು ಅವ್ವ. ಅದು ಪಿಸುದನಿಯಲ್ಲ, ಆ ಮನೆಯಲ್ಲಿ ಅವಳು ಅಷ್ಟು ಸ್ಪಷ್ಟವಾಗಿ ಆಡಿದ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಅಜ್ಜಿಯ ಮನಸ್ಸನ್ನು ಬದಲಿಸಿದ್ದು ಅವ್ವನ ಕಷ್ಟವೆಂದಾಗಲಿ, ಅಪ್ಪನ ಬುದ್ಧಿವಾದವೆಂದಾಗಲಿ ಬರೆದರೆ ಕಥೆ ಅಂದವಾಗಿರುತ್ತಿತ್ತು. ಬದಲಿಸಿದ್ದು ಮಳಗಿಯಿಂದ ಬಂದ ನೀಲವ್ವಜ್ಜಿ. ಅವಳು ಅಜ್ಜಿಯ ಗಂಡನ ತಂಗಿ. ಮುಂಡಗೋಡದ ಆಚೆಯ ಮಳಗಿಗೆ ಕೊಟ್ಟಿದ್ದ ಹೆಣ್ಣು. ಬರುವಾಗ ಒಂದು ಚೀಲ ಮೆಕ್ಕೆಜೋಳದ ತೆನೆ, ಟಿಬೆಟನ್ ಕಾಲೊನಿಯಲ್ಲಿ ಕೊಂಡ ಉಣ್ಣೆಯ ಸ್ವೆಟರು, ನಾದಿನಿಯ ನಾಲಗೆ, ಮೂರನ್ನೂ ತಪ್ಪದೆ ತರುತ್ತಿದ್ದಳು. ಅಂದು ಅಪ್ಪ ಫಸ್ಟ್ ಶಿಫ್ಟಿಗೆ ಹೋಗಿದ್ದರು. ಅವ್ವ ನೈಟ್ ಮುಗಿಸಿ ಬಂದು, ಎಲ್ಲ ಕೆಲಸ ತೀರಿಸಿ, ಅಡುಗೆಮನೆಯ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಅಂದು ಶಾಲೆಗೆ ರಜೆ. ನಾನು ಪಡಸಾಲೆಯಲ್ಲಿ ತಮ್ಮನಿಗೆ ಕಾಗುಣಿತ ತಿದ್ದಿಸುತ್ತಿದ್ದೆ. ನೀಲವ್ವಜ್ಜಿ ಚೀಲ ಇಳಿಸಿ, ಕಾಲು ತೊಳೆದು, ಜಮಖಾನದ ಮೇಲೆ ಕುಳಿತು ಸುತ್ತಲೂ ಕಣ್ಣಾಡಿಸಿದಳು.

“ಏನ ಗಂಗವ್ವಾ, ನೀರ ನೀನ ತಂದೆಲ್ಲಾ. ಸೊಸಿ ಎಲ್ಲದಾಳ?”

“ಒಳಗದಾಳ.”

“ಒಳಗ ಏನ ಮಾಡಾಕತ್ತಾಳ? ಬಳಿ ಸಪ್ಪಳನೂ ಇಲ್ಲ.” ನೀಲವ್ವಜ್ಜಿ ಕತ್ತು ಚಾಚಿ ಅಡುಗೆಮನೆಯತ್ತ ಇಣುಕಿದಳು. “ಅಯ್ಯ ನಮ್ಮವ್ವ! ಮಲಗ್ಯಾಳ! ಸೂರ್ಯಾ ನೆತ್ತಿ ಮ್ಯಾಲ ಅದಾನ, ಸೊಸಿ ಗೊರಕಿ ಹೊಡ್ಯಾಕತ್ತಾಳ, ಅತ್ತಿ ನೀರ ತರಾಕತ್ತಾಳ. ಛಲೋ ನಡದೈತಿ ಬಿಡವ್ವಾ ನಿನ್ನ ಸಂಸಾರ. ನಮ್ಮ ಮಳಗ್ಯಾಗ ಹಿಂಗ ಮಾಡಿದ್ರ ಮೂರ ದಿನದಾಗ ತವರಿಗೆ ಕಳಸ್ತಾರ.”

ಅಜ್ಜಿಯ ಮುಖ ನನಗೆ ಪಕ್ಕದಿಂದ ಕಾಣುತ್ತಿತ್ತು. ನೀಲವ್ವಜ್ಜಿ ಹೇಳಿದ್ದು ಅಜ್ಜಿಯದೇ ಅಭಿಪ್ರಾಯ. ವಾರವಿಡೀ ಅವಳು ಆಡಿದ ಮಾತೇ. ಆದರೆ ಸ್ವಂತ ಅಭಿಪ್ರಾಯವನ್ನು ನಾದಿನಿಯ ಬಾಯಿಂದ ಕೇಳಿದಾಗ ಅದು ಅವಳಿಗೆ ಬೇರೆಯಾಗಿ ಕಂಡಿರಬೇಕು. ಕಾಲು ಚಾಚಿ ಕುಳಿತಿದ್ದವಳು ಕಾಲನ್ನು ಒಳಗೆಳೆದುಕೊಂಡಳು. ಸೆರಗನ್ನು ಸರಿಪಡಿಸಿಕೊಂಡಳು.

“ಮಲಗಿಲ್ಲ. ಆಕೀದು ಶಿಫ್ಟ್ ಐತಿ.”

“ಅಂದ್ರ?”

“ಅಂದ್ರ ಶಿಫ್ಟ್. ರಾತ್ರಿಪೂರಾ ದವಾಖಾನಿ ಆಕಿ ಕೈಯಾಗಿರ್ತೈತಿ. ನಿಮ್ಮ ಮಳಗ್ಯಾಗ ಅವೆಲ್ಲಾ ಇರೂದಿಲ್ಲ, ನಿನಗ ತಿಳಿಯೂದಿಲ್ಲ.” ಅಜ್ಜಿ ಎದ್ದು ನಿಂತಿದ್ದಳು, ಬೆರಳು ತುಟಿಗೆ ಬಂದಿತ್ತು. “ಶಿಫ್ಟ್ ಮಲಗೇತಿ, ನೀಲವ್ವಾ. ದನಿ ತಗ್ಗಸು.”

ಹೇಳಿದ ಮೇಲೆ ಹೇಳಿದ ಹಾಗೆ ನಡೆಯಲೇಬೇಕಾಯಿತು. ನಾದಿನಿಯ ಕಣ್ಣೆದುರಿಗೇ ಅಜ್ಜಿ ಅಡುಗೆಮನೆಗೆ ಹೋಗಿ, ಅವ್ವನ ಭುಜ ಹಿಡಿದೆಬ್ಬಿಸಿ, ನಡುಕೋಣೆಯ ಮಂಚದ ಮೇಲೆ ಮಲಗಿಸಿದಳು. ಅವ್ವ ಅರೆನಿದ್ರೆಯಲ್ಲಿ, “ಬ್ಯಾಡ್ರಿ ಅತ್ತಿ, ರೊಟ್ಟಿ ಬಡೀಬೇಕ್ರಿ” ಎಂದಳು. “ರೊಟ್ಟಿ ನೀಲವ್ವ ಬಡೀತಾಳ” ಎಂದಳು ಅಜ್ಜಿ. ಆಮೇಲೆ ಟ್ರಂಕಿನಿಂದ ಕೆಂಪು ಟವೆಲನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಬಾಗಿಲ ಮೊಳೆಗೆ ಹಾಕಿದಳು. ಪಕ್ಕದ ಮನೆಯ ಹಸೀನಾ ಚಾಚಿ ಅದೇ ಹೊತ್ತಿಗೆ ಖಾರ ಕುಟ್ಟಲು ಕುಳಿತಿದ್ದವರು, ಟವೆಲ್ ಕಂಡು ಒನಕೆಯನ್ನು ಗೋಡೆಗೆ ಒರಗಿಸಿದರು. ಅವರ ಗಂಡ ಖಾದರ್ ಚಾಚಾ ಲಾರಿ ರಿಪೇರಿಯ ಮೆಕ್ಯಾನಿಕ್. ಊಟಕ್ಕೆಂದು ಬಂದವರು, ಬೆಳಿಗ್ಗೆ ಅಪ್ಪ ಫಸ್ಟಿಗೆ ಹೋಗುವುದನ್ನು ಕಣ್ಣಾರೆ ಕಂಡಿದ್ದರಿಂದ, ಈ ಹೊತ್ತಿನಲ್ಲಿ ಟವೆಲ್ ಕಂಡು ಗಾಬರಿಗೊಂಡರು. ಗ್ರೀಸ್ ಮೆತ್ತಿದ ಕೈಯಲ್ಲಿಯೇ ನಮ್ಮ ಹೊಸ್ತಿಲಿಗೆ ಬಂದು, ಪಿಸುದನಿಯಲ್ಲಿ ಕೇಳಿದರು.

“ಅಮ್ಮಾ, ಭಾಯಿಗೆ ಏನಾತ್ರಿ? ಮಿಲ್‌ನಿಂದ ಕರ್ಕೊಂಡ ಬಂದ್ರೇನ್ರಿ? ಗಾಡಿ ತರ್ಲೇನು?”

“ಅವಗ ಏನಾಗಿಲ್ಲಪ್ಪಾ. ಇದು ಅವನ ಟವೆಲ್ ಅಲ್ಲ. ಸೊಸಿದು.”

ಖಾದರ್ ಚಾಚಾ ಒಂದು ಗಳಿಗೆ ಟವೆಲನ್ನೇ ನೋಡಿದರು. ಆಮೇಲೆ ತಲೆಯಾಡಿಸಿ, “ಬರೋಬ್ಬರಿ ಐತ್ರಿ” ಎಂದು, ಬಂದದ್ದಕ್ಕಿಂತ ಮೆಲ್ಲಗೆ ಹೆಜ್ಜೆಯಿಟ್ಟು ಹೋದರು. ಸಂಜೆಯೊಳಗೆ ಸಾಲಿಗೆಲ್ಲ ಸುದ್ದಿ ಮುಟ್ಟಿತು. ಮುಂದಿನ ಸಂತೆಯಲ್ಲಿ ಅಜ್ಜಿ ತಾನೇ ಹೋಗಿ ಹಸಿರು ಟವೆಲೊಂದನ್ನು ಆರಿಸಿ ತಂದಳು. ಗಾಬರಿಯಾಗಬಾರದಲ್ಲ ಎಂಬುದು ಅವಳು ಕೊಟ್ಟ ಕಾರಣ: ಕೆಂಪು ಅವನದು, ಹಸಿರು ಆಕೆಯದು. ಇಬ್ಬರಿಗೂ ನೈಟ್ ಬಂದ ವಾರಗಳಲ್ಲಿ ಎರಡೂ ಟವೆಲುಗಳು ಒಂದೇ ಮೊಳೆಯ ಮೇಲಿರುತ್ತಿದ್ದವು. ಲಕ್ಷ್ಮಿಯ ಮಾತನ್ನು ಅಜ್ಜಿ ಮತ್ತೆ ಎತ್ತಲಿಲ್ಲ. ದೀಪಾವಳಿ ಬಂದು ಹೋಯಿತು. ದೊಡ್ಡ ಸಿಸ್ಟರ್ ಕರೆದು, ಕೆಲಸಕ್ಕೆ ಬರುತ್ತಿರು ಎಂದರು. ಅವ್ವ ಆ ಸುದ್ದಿಯನ್ನು ಮೊದಲು ಹೇಳಿದ್ದು ಅಪ್ಪನಿಗಲ್ಲ, ಅಜ್ಜಿಗೆ.

ಕೆಲವು ವರ್ಷಗಳ ನಂತರ ಆ ಪದದ ಇನ್ನೊಂದು ಅರ್ಥ ನಮ್ಮ ಮನೆಗೆ ಬಂದಿತು. ದವಾಖಾನೆಯ ಆವರಣದಲ್ಲಿ ಅವ್ವನ ಹೆಸರಿಗೆ ಒಂದು ಕ್ವಾರ್ಟರ್ಸ್ ಸಿಕ್ಕಿತು. ಅಪ್ಪನಿಗೆ ಸಂತೋಷ, ನನಗೂ ತಮ್ಮನಿಗೂ ಕುಣಿದಾಟ. ಅಜ್ಜಿ ಮಾತ್ರ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. “ಸೊಸಿ ಹೆಸರಿನ ಮನ್ಯಾಗ ನಾ ಹೆಂಗ ಇರೂದು? ಇಲ್ಲಿ ನನ್ನ ಮಾತ ನಡೀತಿತ್ತು” ಎಂದು ಹಸೀನಾ ಚಾಚಿಯ ಅಡುಗೆಮನೆಯಲ್ಲಿ ಅಂದದ್ದು ಗೋಡೆಯ ಮೇಲಿನ ಸಂದಿನಿಂದ ನಮಗೆಲ್ಲ ಕೇಳಿಸಿತು. ಅವ್ವನಿಗೂ ಕೇಳಿಸಿತು. ಅವಳು ಮನೆ ಶಿಫ್ಟ್ ಮಾಡುವ ದಿನವನ್ನು ನೀವೇ ಗೊತ್ತುಮಾಡಬೇಕೆಂದು ಅತ್ತೆಯನ್ನು ಕೇಳಿದಳು. ಅಜ್ಜಿ ಅಷ್ಟಕ್ಕೆ ಎದ್ದು ಕುಳಿತು, ಪಂಚಾಂಗ ಬಲ್ಲವರಲ್ಲಿ ವಿಚಾರಿಸಿ, ಒಂದು ಸೋಮವಾರ, ಮಧ್ಯಾಹ್ನಕ್ಕೆ ಮೊದಲು ಹೊಸ ಮನೆಯಲ್ಲಿ ಹಾಲುಕ್ಕಿಸುವ ಮುಹೂರ್ತವನ್ನು ಇಡಿಸಿಕೊಂಡು ಬಂದಳು. ಹಾಲನ್ನು ಮನೆಯೊಡತಿಯೇ ಉಕ್ಕಿಸಬೇಕು. ಅವ್ವ ಆ ದಿನಕ್ಕೆ ರಜೆ ಪಡೆದಿದ್ದಳು. ಆದರೆ ಭಾನುವಾರ ಸಂಜೆ ಜೊತೆಯ ಆಯಾಳೊಬ್ಬಳ ಮಗಳಿಗೆ ಹೆರಿಗೆ ನೋವು ಬಂದುದರಿಂದ, ಅವಳನ್ನು ಮಗಳ ಬಳಿಗೆ ಕಳಿಸಿ, ಅವಳ ಆ ರಾತ್ರಿಯ ಡ್ಯೂಟಿಯನ್ನೂ ಮರುರಾತ್ರಿಯ ಡ್ಯೂಟಿಯನ್ನೂ ಅವ್ವ ತಾನು ವಹಿಸಿಕೊಂಡಳು. ಸೋಮವಾರ ಬೆಳಿಗ್ಗೆ ಕಾಲೆಳೆಯುತ್ತ ಬಂದು, “ಅರ್ಧಾ ತಾಸು ಒರಗ್ತೇನ್ರಿ ಅತ್ತಿ, ಟೆಂಪೊ ಬಂದ ಕೂಡ್ಲೆ ಎಬ್ಬಸ್ರಿ” ಎಂದು ಮಂಚದ ಮೇಲೆ ಬಿದ್ದವಳು, ಬಿದ್ದಲ್ಲಿಯೇ ನಿದ್ರೆಹೋದಳು.

ಟೆಂಪೊ ಬಂತು. ಎಬ್ಬಿಸಲೆಂದು ಅಪ್ಪ ನಡುಕೋಣೆಗೆ ಹೊರಟರು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಹಸಿರು ಟವೆಲ್ ಆಗಲೇ ಮೊಳೆಯ ಮೇಲಿತ್ತು.

“ಯವ್ವಾ, ಮುಹೂರ್ತ ಹೋಗ್ತೈತಿ.”

“ಹೋಗಲಿ.”

“ನೀನ ಇಡಿಸಿದ್ದೆಲ್ಲಾ?”

“ನಾನ ಇಡಿಸಿದ್ದು, ನಾನ ತಗದೆ. ಆಕಿ ಮತ್ತ ರಾತ್ರಿಗೆ ಹೋಗಬೇಕು. ಮುಹೂರ್ತಾನೂ ಶಿಫ್ಟ್ ಆತು ಅಂತ ತಿಳಕೋ. ಸಾಮಾನ ಸಾಗಸ್ರಿ. ಆದ್ರ ಒಂದ ಸಪ್ಪಳ ಆಗಬಾರದು.”

ಒಂದು ಮನೆ ಸದ್ದಿಲ್ಲದೆ ಸ್ಥಳಾಂತರಗೊಂಡದ್ದನ್ನು ನಾನು ಮತ್ತೆಲ್ಲಿಯೂ ಕಂಡಿಲ್ಲ. ಸಾಲಿನ ಎಲ್ಲ ಬಾಗಿಲುಗಳಿಂದ ಜನ ಬಂದರು. ಟವೆಲ್ ನೋಡಿದರು, ಯಾರೂ ಏನನ್ನೂ ಕೇಳಲಿಲ್ಲ. ಹಸೀನಾ ಚಾಚಿ ತಮ್ಮ ಮನೆಯ ಕೌದಿಗಳನ್ನೆಲ್ಲ ತಂದು ತಾಮ್ರದ ಹಂಡೆಯನ್ನು, ಕೊಡಗಳನ್ನು, ತಾಟುಗಳನ್ನು ಕೂಸುಗಳಂತೆ ಸುತ್ತಿದರು. ಗಂಡಸರು ಟ್ರಂಕನ್ನು ಎಳೆಯದೆ ಎತ್ತಿದರು. ಬೀಸುಕಲ್ಲನ್ನು ಇಬ್ಬರು ಎದೆಗವಚಿಕೊಂಡು ನಡುಕೋಣೆಯಲ್ಲಿ, ಅವ್ವನ ಕಾಲದೆಸೆಯಲ್ಲಿ, ತುದಿಗಾಲಿನಲ್ಲಿ ದಾಟಿದರು. ಒಬ್ಬರಿಗೆ ಕೆಮ್ಮು ಬಂದು, ಕಲ್ಲನ್ನು ಇನ್ನೊಬ್ಬರ ತೋಳಿಗೆ ಜಾರಿಸಿ ಹಿತ್ತಿಲಿಗೆ ಓಡಿದರು. ಗೆಡ್ಡೆಯ ಹೆಂಗಸು ದಾರಿಯಲ್ಲಿ ಬಂದವಳು ಬುಟ್ಟಿ ಇಳಿಸಿ, ದೇವರ ಪಟಗಳನ್ನು ಸೆರಗಿನಲ್ಲಿಟ್ಟುಕೊಂಡು ಟೆಂಪೊಗೆ ಒಯ್ದಳು. ಅಜ್ಜಿ ನಡುವೆ ನಿಂತು, ಒಂದೂ ಮಾತಿಲ್ಲದೆ, ಕೈ, ಹುಬ್ಬು, ಗಲ್ಲಗಳಿಂದಲೇ ಎಲ್ಲರನ್ನೂ ನಡೆಸುತ್ತಿದ್ದಳು. ಪೂರ್ಣವಾಕ್ಯದ ಕಟ್ಟಾಳು ಅಂದು ಪೂರ್ಣವಿರಾಮವೊಂದರಿಂದಲೇ ಕೆಲಸ ತೆಗೆದುಕೊಂಡಳು. ಸಾಮಾನು ತುಂಬಿದ ಮೇಲೆ ಚಾಲಕ ಎಂಜಿನ್ ಚಾಲು ಮಾಡಲು ಕೈ ಹಾಕಿದಾಗ ಖಾದರ್ ಚಾಚಾ ಅವನ ಕೈ ಹಿಡಿದರು. ಗಾಡಿಯನ್ನು ನ್ಯೂಟ್ರಲ್ ಮಾಡಿಸಿ, ಹಿಂದಿನಿಂದ ಎಲ್ಲರೂ ಸೇರಿ ರಸ್ತೆಯ ತಿರುವಿನವರೆಗೆ ದಬ್ಬಿಕೊಂಡು ಹೋದರು. ಎಂಜಿನ್ನಿನ ಸದ್ದು ನಮಗೆ ಕೇಳಿಸಿದ್ದು ಬಹಳ ದೂರದಿಂದ.

ಸಂಜೆಯ ಹೊತ್ತಿಗೆ ಆ ಮನೆಯಲ್ಲಿ ಉಳಿದದ್ದು ಮಂಚ, ಮಂಚದ ಮೇಲೆ ಅವ್ವ, ಬಾಗಿಲಲ್ಲಿ ಟವೆಲ್, ಹೊಸ್ತಿಲಲ್ಲಿ ಅಜ್ಜಿ, ಅಜ್ಜಿಯ ಬಳಿ ನಾನು. ಅವ್ವ ಕಣ್ಣು ಬಿಟ್ಟು ಎದ್ದು ಕುಳಿತಳು. ಬರಿಗೋಡೆಗಳನ್ನು ನೋಡಿದಳು, ಬರಿ ನೆಲವನ್ನು ನೋಡಿದಳು. ಗಡಿಯಾರವಿದ್ದ ಜಾಗದಲ್ಲಿ ಸುಣ್ಣದ ಬಿಳಿ ಗುರುತಿತ್ತು.

“ಎಲ್ಲಾ ಎಲ್ಲಿ ಹೋತ್ರಿ ಅತ್ತಿ?”

“ಶಿಫ್ಟ್ ಆತವ್ವಾ. ಏಳು, ಮುಖ ತೊಳಕೋ. ಚಾ ಹಸೀನಾ ಕೊಟ್ಟ ಕಳಿಸ್ಯಾಳ.”

“ಮುಹೂರ್ತ?”

“ನೀ ಎದ್ದೆಲ್ಲಾ, ಈಗ ಐತಿ.”

ಅವ್ವ ಚಹ ಕುಡಿದು ಬಟ್ಟಲನ್ನು ಕೆಳಗಿಟ್ಟಳು. ಅಜ್ಜಿ ಎದ್ದು, ಟವೆಲನ್ನು ಮೊಳೆಯಿಂದ ತೆಗೆದು, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಬೀಸುಕಲ್ಲಿನ ಗೂಟದಂತೆ ಬಿಗಿದಿದ್ದ ಆ ಹಳೆಯ ಮೊಳೆಯನ್ನು ಹಿಡಿದು, ಅತ್ತಿತ್ತ ಅಲುಗಿಸಿ, ಚೌಕಟ್ಟಿನಿಂದ ಕಿತ್ತು ನನ್ನ ಅಂಗೈಗೆ ಹಾಕಿದಳು.

ಹೊಸ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಅವ್ವ ಹಾಲುಕ್ಕಿಸಿದಳು. ಮನೆಯ ತುಂಬ ಕೌದಿ ಸುತ್ತಿದ ಪಾತ್ರೆಗಳು; ಖಾದರ್ ಚಾಚಾ ಆಗತಾನೆ ಮಂಚ ತಂದಿಳಿಸಿದ್ದರು. ಅವ್ವ ಡ್ಯೂಟಿಗೆ ಹೊರಡಲು ಸೀರೆ ಬದಲಿಸಿ ಬಾಗಿಲಿಗೆ ಬಂದಾಗ, ಅಜ್ಜಿ ಬಲಗೈಯಲ್ಲಿ ಕಲ್ಲೊಂದನ್ನು ಹಿಡಿದು ಚೌಕಟ್ಟಿನ ಮುಂದೆ ಕಾಯುತ್ತಿದ್ದಳು. ಅದುವರೆಗಿನ ನನ್ನ ಬದುಕಿನಲ್ಲಿ ಆ ಅಜ್ಜಿ ಯಾವ ವಸ್ತು ಎಲ್ಲಿರಬೇಕೆಂದು ಯಾರನ್ನೂ ಕೇಳಿದ್ದಿಲ್ಲ. ನನ್ನ ಕೈಯಿಂದ ಮೊಳೆಯನ್ನು ತೆಗೆದುಕೊಂಡು, ಸೊಸೆಯ ಕಡೆಗೆ ತಿರುಗಿದಳು.

“ಶಾಂತಾ, ಮನಿ ನಿಂದು. ಹೇಳವ್ವಾ, ಎಲ್ಲಿ ಹೊಡಿಯೂಣು?”

ಅವ್ವ ಚಪ್ಪಲಿ ಮೆಟ್ಟಿದ್ದವಳು ಮತ್ತೆ ಬಿಟ್ಟಳು. ಬಾಗಿಲ ಬಳಿಗೆ ಬಂದು, ತನ್ನ ತಲೆಗಿಂತ ಬಹಳ ಕೆಳಗೆ, ಗಿಡ್ಡ ಅಜ್ಜಿಯ ಕೈ ಸಲೀಸಾಗಿ ಮುಟ್ಟುವಷ್ಟು ಎತ್ತರದಲ್ಲಿ ಬೆರಳಿಟ್ಟು ತೋರಿಸಿದಳು.